ತೋಟದಲ್ಲಿ ನಿಂತರೆ ಮುಖ ಹಸಿರಾಗುತ್ತದೆ: ಫೋಟೋ ತೆಗೆಸುವವರ ಪ್ರಶ್ನೆಗಳು

ಪ್ರಶ್ನೆ: ಶಿರಸಿ ಹತ್ತಿರದ ಹಳ್ಳಿ ನಮ್ಮದು. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಕೊರಿಯರ್‌ನಲ್ಲಿ ಕಳಿಸುತ್ತೇನೆ. ಬೆಂಗಳೂರಲ್ಲಿರುವ ಮಗಳು 'ಅಮ್ಮಾ, ನಿನ್ನ ಮುಖ ಕಂಡ್ರೆ ಜನ ನಂಬ್ತಾರೆ, ಬ್ರ್ಯಾಂಡಿಂಗ್ ಫೋಟೋಶೂಟ್ ಮಾಡಿಸು' ಅಂತ ಹಟ ಹಿಡಿದಿದ್ದಾಳೆ. ಮುಂದಿನ ವಾರ ಫೋಟೋಗ್ರಾಫರ್ ಬರುತ್ತಾರೆ. ರೇಷ್ಮೆ ಸೀರೆ ಉಟ್ಟು ಅಡಿಕೆ ತೋಟದಲ್ಲಿ ನಿಲ್ಲಲೇ? ಮದುವೆ ಮನೆ ಬಿಟ್ಟರೆ ನಾನು ಕ್ಯಾಮೆರಾ ಮುಂದೆ ನಿಂತವಳಲ್ಲ.

ಉತ್ತರ: ಅಕ್ಕಾ, ರೇಷ್ಮೆ ಸೀರೆ ಕಪಾಟಿನಲ್ಲೇ ಇರಲಿ. ತೋಟವೂ ಬೇಡ. ಕಣ್ಣಿಗೆ ತಂಪು ಅನಿಸುವ ಜಾಗ ಕ್ಯಾಮೆರಾಕ್ಕೆ ಹಾಗೆ ಕಾಣುವುದಿಲ್ಲ. ಮಧ್ಯಾಹ್ನ ಅಡಿಕೆ ಸೋಗೆಯ ಸಂದಿಯಿಂದ ಬಿಸಿಲು ಚೂರುಚೂರಾಗಿ ಬೀಳುತ್ತದೆ, ಮೂಗಿನ ಮೇಲೊಂದು ಚುಕ್ಕಿ, ಕೆನ್ನೆ ಮೇಲೆ ಎರಡು. ಸುತ್ತಲಿನ ಎಲೆಗಳಿಗೆ ತಾಗಿ ಬರುವ ಬೆಳಕೂ ಹಸಿರೇ, ಅದು ಚರ್ಮದ ಮೇಲೆ ಕೂರುತ್ತದೆ. ನಾನು ಕ್ಯಾಮೆರಾ ಹಿಡಿದ ಹೊಸದರಲ್ಲಿ ನೆಂಟರೊಬ್ಬರನ್ನು ತೋಟದ ನಡುವೆ ನಿಲ್ಲಿಸಿ ಎಪ್ಪತ್ತು ಎಂಬತ್ತು ಫೋಟೋ ಹೊಡೆದೆ. ಮನೆಗೆ ಬಂದು ನೋಡಿದರೆ ಒಂದರಲ್ಲೂ ಮನುಷ್ಯರ ಬಣ್ಣ ಇಲ್ಲ, ಚಿರತೆಗೆ ಕಾಮಾಲೆ ಆದ ಹಾಗೆ! ತೋಟ ಬೇಕೇ ಬೇಕು ಅಂದರೆ ಮೋಡದ ದಿನ ತೋಟದ ಅಂಚಿನಲ್ಲಿ ನಿಲ್ಲಿ.

ನಿಮಗೆ ಸರಿಯಾದ ಜಾಗ ಮನೆಯ ಜಗಲಿ. ಮೇಲೆ ಮಾಡು ಇದೆ, ಎದುರಿನ ಅಂಗಳದಿಂದ ಬೆಳಕು ಮೆತ್ತಗೆ ಬರುತ್ತದೆ, ಹಿಂದೆ ಚಿರೆಕಲ್ಲಿನ ಗೋಡೆ ಇದ್ದರೆ ಇನ್ನೇನು ಬೇಕು. ಅಂಗಳದ ಕಡೆ ಮುಖ ಮಾಡಿ ಕೂತರೆ ಸಾಕು. ಅಂಗಳದಲ್ಲಿ ಹಸಿರು ಶೇಡ್‌ನೆಟ್ ಕಟ್ಟಿದ್ದರೆ ಮಾತ್ರ ಆ ದಿನ ಬಿಚ್ಚಿಸಿ, ಇಲ್ಲದಿದ್ದರೆ ತೋಟದ ಕಥೆಯೇ.

ಸೀರೆಗಿಂತ ಮೊದಲು ಯೋಚನೆ ಮಾಡಬೇಕಾದ್ದು ಈ ಫೋಟೋ ಎಲ್ಲೆಲ್ಲಿ ಹೋಗುತ್ತದೆ ಅನ್ನುವುದು. ಇದನ್ನೇ ಎಲ್ಲರೂ ಮರೆಯುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಅದು ಸಣ್ಣ ದುಂಡು ಚಿತ್ರ, ಅಲ್ಲಿ ಮುಖ ಮಾತ್ರ ಕಾಣುತ್ತದೆ, ನೀವು ಎಷ್ಟು ಚಂದದ ಭರಣಿ ಹಿಡಿದಿದ್ದರೂ ಕತ್ತರಿಸಿ ಹೋಗುತ್ತದೆ. ಬಾಟಲಿಯ ಲೇಬಲ್‌ಗೆ, ಕೊರಿಯರ್ ಡಬ್ಬಿಗೆ ಹಾಕುವುದಾದರೆ ಹೆಸರು ಬರೆಯಲು ಪಕ್ಕದಲ್ಲಿ ಖಾಲಿ ಜಾಗ ಬೇಕು. ಇನ್‌ಸ್ಟಾಗ್ರಾಂಗೆ ಉದ್ದುದ್ದ ಫೋಟೋ. ಮಗಳ ಹತ್ತಿರ ಕೂತು ಪಟ್ಟಿ ಮಾಡಿ ಫೋಟೋಗ್ರಾಫರ್‌ಗೆ ಮುಂಚೆಯೇ ಕಳಿಸಿ, ಬಂದ ಮೇಲೆ ಹೇಳಿದರೆ ಅರ್ಧ ದಿನ ಸುಮ್ನೆ ಹೋಗುತ್ತದೆ. ಲೇಬಲ್‌ನಲ್ಲಿ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ಪ್ರಾಧಿಕಾರ) ಕೊಡುವ 14 ಅಂಕಿಯ ನಂಬರ್ ಹಾಕಲೇಬೇಕಲ್ಲ, ಅದೆಲ್ಲ ಸರಿಯಾಗಿ ಅಚ್ಚಾದ ಮೇಲೆಯೇ ಬಾಟಲಿಯ ಫೋಟೋ ತೆಗೆಸಿ. ನಾಳೆ ಲೇಬಲ್ ಬದಲಾದರೆ ಫೋಟೋ ಎಲ್ಲ ದಂಡ.

ಮಗಳು ಹೇಳಿದ್ದು ಸರಿಯೇ. ಆದರೆ ಉಪ್ಪಿನಕಾಯಿ ಕೊಳ್ಳುವವರು ಮೊದಲು ನೋಡುವುದು ಕೈ. ತೊಟ್ಟು ಮುರಿಯದ ಹಾಗೆ ಮಿಡಿ ಆರಿಸುವ ಕೈ, ಭರಣಿಗೆ ಉಪ್ಪು ಹಾಕುವ ಕೈ, ಹಪ್ಪಳ ಒತ್ತುವ ಕೈ. ಇವನ್ನು ಹತ್ತಿರದಿಂದ ತೆಗೆಸಿ. ಉಗುರು ಚಿಕ್ಕದಾಗಿರಲಿ, ಬಣ್ಣ ಬೇಡ, ಕೂದಲು ಗಟ್ಟಿಯಾಗಿ ಕಟ್ಟಿರಲಿ. ಮಿಡಿ ಸಿಗುವುದು ಬೇಸಿಗೆಯ ಶುರುವಿನಲ್ಲಿ ಮಾತ್ರ. ಈಗ ಮನೆಯಲ್ಲಿ ಹಸಿ ಮಿಡಿ ಇಲ್ಲದಿದ್ದರೆ ಮುಖದ ಫೋಟೋ ಈಗ, ಕೆಲಸದ ಫೋಟೋ ಆಗ ಅಂತ ಎರಡು ಸಲಕ್ಕೆ ಒಪ್ಪಂದ ಮಾಡಿಕೊಳ್ಳಿ. ಖಾಲಿ ಬುಟ್ಟಿ ಹಿಡಿದು ನಗುವುದು ಬೇಡ.

ಒಂದೇ ಬಣ್ಣದ ಹತ್ತಿ ಸೀರೆ ಎರಡು ಇಸ್ತ್ರಿ ಮಾಡಿಡಿ. ತೀರಾ ಸಣ್ಣ ಚೌಕುಳಿ, ಒತ್ತೊತ್ತು ಗೆರೆ ಇರುವುದು ಬೇಡ, ಫೋಟೋದಲ್ಲಿ ಅಲೆ ಅಲೆಯಾಗಿ ಕಾಣುತ್ತದೆ. ಫೇಶಿಯಲ್, ಹುಬ್ಬು ಏನಿದ್ದರೂ ಮೂರ್ನಾಲ್ಕು ದಿನ ಮುಂಚೆ ಮುಗಿಸಿ, ಹಿಂದಿನ ದಿನ ಹೊಸ ಕ್ರೀಮ್ ಪ್ರಯೋಗ ಖಂಡಿತ ಬೇಡ. ಮೊದಲ ಹತ್ತು ನಿಮಿಷ ಎಲ್ಲರ ನಗೆಯೂ ಆಧಾರ್ ಕಾರ್ಡಿನ ಹಾಗೆಯೇ ಇರುತ್ತದೆ. ಕೆಲಸ ಮಾಡುತ್ತಾ ಯಾರ ಹತ್ತಿರವಾದರೂ ಮಾತಾಡಿ, ತಾನಾಗಿ ಸರಿಹೋಗುತ್ತದೆ.

ದುಡ್ಡಿನ ವಿಷಯ: ಎಡಿಟ್ ಮಾಡಿದ ಫೋಟೋ ಎಷ್ಟು ಕೊಡುತ್ತಾರೆ, ಯಾವಾಗ ಅಂತ ಬರೆಸಿಕೊಳ್ಳಿ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು ತೆಗೆಸಿದವರದ್ದೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಆದ್ದರಿಂದ ಸಹಿ ಹಾಕುವ ಮುಂಚೆ ಕಾಗದ ಓದಿ.

ಪ್ರಶ್ನೆ: ಕಾರವಾರದಲ್ಲಿ ಹೊಸದಾಗಿ ವಕೀಲಿ ಶುರು ಮಾಡಿದ್ದೇನೆ. ಠಾಗೋರ್ ಬೀಚ್‌ನಲ್ಲಿ ಸಂಜೆ ಗೌನು ಹಾಕಿಕೊಂಡು ಫೋಟೋಶೂಟ್ ಮಾಡಿಸೋಣ ಅಂತಿದ್ದೇನೆ. ಹೇಗೆ?

ಉತ್ತರ: ವಕೀಲರಿಗೆ ನಾನು ಕಾನೂನು ಹೇಳಬೇಕಾಯಿತಲ್ಲ! ಕೋರ್ಟ್ ಬಿಟ್ಟು ಸಾರ್ವಜನಿಕ ಜಾಗದಲ್ಲಿ ಗೌನು, ಕೊರಳಿನ ಬಿಳಿ ಬ್ಯಾಂಡ್ ಹಾಕಬಾರದು ಅಂತ ಬಾರ್ ಕೌನ್ಸಿಲ್ ನಿಯಮದಲ್ಲೇ ಇದೆ. ಅದರ 36ನೇ ನಿಯಮದ ಪ್ರಕಾರ ಜಾಹೀರಾತೂ ಕೊಡುವ ಹಾಗಿಲ್ಲ, ನಡೆಸಿದ ಕೇಸಿನ ಜೊತೆ ಫೋಟೋ ಅಚ್ಚು ಹಾಕಿಸುವ ಹಾಗೂ ಇಲ್ಲ. 2008ರಿಂದ ವೆಬ್‌ಸೈಟ್‌ನಲ್ಲಿ ಹೆಸರು, ವಿಳಾಸ, ನೋಂದಣಿ, ಓದು, ಯಾವ ವಿಭಾಗದ ವಕೀಲಿ ಇಷ್ಟನ್ನು ಹಾಕಬಹುದು. ಸರಳವಾದ ಒಂದು ಮುಖದ ಫೋಟೋ ತೆಗೆಸಿ, 'ಕೇಸ್ ಗೆಲ್ಲಿಸುತ್ತೇವೆ' ಅಂತ ಕೆಳಗೆ ಬರೆಸಬೇಡಿ.

ಇನ್ನು ಬೀಚ್. ನಮ್ಮ ಕರಾವಳಿಯಲ್ಲಿ ಸೂರ್ಯ ಮುಳುಗುವುದು ಸಮುದ್ರದ ಕಡೆಗೆ, ಅಲ್ವಾ? ಸಂಜೆ ಸಮುದ್ರಕ್ಕೆ ಬೆನ್ನು ಹಾಕಿ ನಿಂತರೆ ಸೂರ್ಯ ಹಿಂದೆ ಬರುತ್ತಾನೆ, ಮುಖ ಮಸಿಯಾಗುತ್ತದೆ. ಹಿಂದೆ ನೀರು ಬೇಕಾದರೆ ಬೆಳಿಗ್ಗೆ ಹೋಗಿ, ಆಗ ಬೆಳಕು ಊರ ಕಡೆಯಿಂದ ನೇರ ಮುಖಕ್ಕೆ ಬೀಳುತ್ತದೆ. ಜನರೂ ಕಡಿಮೆ. ಡ್ರೋನ್ ಆಸೆ ಇದ್ದರೆ ಬಿಡಿ, ಪಕ್ಕದಲ್ಲೇ ನೌಕಾನೆಲೆ ಇದೆ.

ಪ್ರಶ್ನೆ: ಹೊನ್ನಾವರದಲ್ಲಿ ಶರಾವತಿ ಹಿನ್ನೀರಿನ ಬೋಟಿಂಗ್ ಮಾಡಿಸುತ್ತೇನೆ. ಫೋಟೋಗ್ರಾಫರ್‌ಗೆ ಕೊಡುವಷ್ಟು ದುಡ್ಡಿಲ್ಲ. ಫೋನ್ ಸಾಕಾ?

ಉತ್ತರ: ಸಾಕು. ಸೆಲ್ಫಿ ಬೇಡ, ಹಿಂದಿನ ಕ್ಯಾಮೆರಾದಲ್ಲಿ ಗೆಳೆಯನ ಹತ್ತಿರ ತೆಗೆಸು. ಅವನು ಎರಡು ಹೆಜ್ಜೆ ಹಿಂದೆ ಹೋಗಿ 2ಎಕ್ಸ್ ಜೂಮ್ ಇಡಲಿ, ತೀರಾ ಹತ್ತಿರದಿಂದ ತೆಗೆದರೆ ಮೂಗು ದಪ್ಪ ಕಾಣುತ್ತದೆ. ಉಪ್ಪುಗಾಳಿಗೆ ಲೆನ್ಸ್ ಮಬ್ಬಾಗಿರುತ್ತದೆ, ಪ್ರತಿ ಸಲ ಒರೆಸಿಕೊಳ್ಳಿ. ಬ್ಯೂಟಿ ಮೋಡ್ ಆಫ್ ಮಾಡಿ. ಗೆಳೆಯ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಅಂತ ಕಳಿಸಲಿ, ಇಲ್ಲದಿದ್ದರೆ ಫೋಟೋ ಹಿಂಡಿ ಹೋಗುತ್ತದೆ. ಮತ್ತೆ, ದೋಣಿಯಲ್ಲಿ ಕೂತಿರುವ ಪ್ರತಿ ಫೋಟೋದಲ್ಲೂ ಲೈಫ್ ಜಾಕೆಟ್ ಹಾಕಿಕೊಂಡಿರು, ಮಕ್ಕಳನ್ನು ಕರೆದುಕೊಂಡು ಬರುವವರು ಅದನ್ನೇ ಹುಡುಕುತ್ತಾರೆ.