ಅರಬೈಲ್ ಘಟ್ಟದಲ್ಲಿ ಅಣು ಇಂಧನದ ಲಾರಿ ಉರುಳಿದರೆ?

ಮಾನ್ಯರೇ,

ಯಲ್ಲಾಪುರದಿಂದ ತಾವು ಬರೆದ ಪತ್ರ ತಲುಪಿದೆ. ಕೈಗಾದಲ್ಲಿ ಬಳಸಿ ತೆಗೆದ ಯುರೇನಿಯಂ ಎಲ್ಲಿರುತ್ತದೆ, ಅದನ್ನು ಹೊತ್ತ ಲಾರಿ ಅರಬೈಲ್ ಘಟ್ಟದ ತಿರುವಿನಲ್ಲಿ ಉರುಳಿದರೆ ಬಾಂಬಿನಂತೆ ಸಿಡಿಯುತ್ತದೆಯೇ, ಕೊನೆಗೆ ಎಲ್ಲವನ್ನೂ ಕೋಲಾರದ ಚಿನ್ನದ ಗಣಿಯಲ್ಲಿ ಹೂಳುತ್ತಾರಂತೆ ಹೌದೇ ಎಂದು ಕೇಳಿದ್ದೀರಿ. 'ಹೆದರಬೇಡಿ ಎಂಬ ಸಮಾಧಾನ ಬೇಡ, ಲೆಕ್ಕ ಕೊಡಿ' ಎಂದೂ ಬರೆದಿದ್ದೀರಿ. ಲೆಕ್ಕವನ್ನೇ ಕೊಡುತ್ತೇವೆ.

ಮೊದಲು ಸಿಡಿಯುವ ಪ್ರಶ್ನೆ. ಸಿಡಿಯುವುದಿಲ್ಲ. ಕೈಗಾದ ನಾಲ್ಕೂ ಘಟಕಗಳು ನೈಸರ್ಗಿಕ ಯುರೇನಿಯಂ ಬಳಸುತ್ತವೆ. ಅದರಲ್ಲಿ ಸೀಳಬಲ್ಲ ಯುರೇನಿಯಂ-235 ಇರುವುದು ಶೇ 0.7ರಷ್ಟು ಮಾತ್ರ. ನ್ಯೂಟ್ರಾನ್‌ಗಳ ವೇಗ ತಗ್ಗಿಸುವ ಭಾರಜಲ ಅಥವಾ ಗ್ರಾಫೈಟ್‌ನಂಥ ವಸ್ತು ಇದ್ದರಷ್ಟೇ ಅದರಲ್ಲಿ ಸರಪಳಿ ಕ್ರಿಯೆ ನಡೆಯುತ್ತದೆ. ಸಾಮಾನ್ಯ ನೀರಿನಲ್ಲಿ ಎಷ್ಟೇ ಒಟ್ಟಿದರೂ ನಡೆಯುವುದಿಲ್ಲ. ಹಾಗೆಂದು ಅದು ನಿರಪಾಯಕಾರಿಯಲ್ಲ. ಅದರ ಅಪಾಯ ಇರುವುದು ಶಾಖ ಮತ್ತು ವಿಕಿರಣದಲ್ಲಿ.

ಕೈಗಾದ ಇಂಧನ ಕಟ್ಟು ಅರ್ಧ ಮೀಟರ್ ಉದ್ದದ, ಸುಮಾರು 16 ಕಿಲೋ ತೂಗುವ ವಸ್ತು. ಜಿರ್ಕೋನಿಯಂ ಮಿಶ್ರಲೋಹದ 19 ಕೊಳವೆಗಳನ್ನು ಸೇರಿಸಿ ಮಾಡಿದ್ದು. ಒಂದು ರಿಯಾಕ್ಟರಿನ 306 ಚಾನೆಲ್‌ಗಳಲ್ಲಿ ತಲಾ 12ರಂತೆ 3,672 ಕಟ್ಟುಗಳಿರುತ್ತವೆ. ಹೊಸ ಕಟ್ಟನ್ನು ಕೈಗವಸು ಹಾಕಿಕೊಂಡು ಎತ್ತಬಹುದು. ಅದೇ ಕಟ್ಟು ಉರಿದು ಹೊರಬಂದಾಗ ಮರೆಯಿಲ್ಲದೆ ಪಕ್ಕದಲ್ಲಿ ಕೆಲವೇ ನಿಮಿಷ ನಿಂತರೂ ಜೀವ ಉಳಿಯದು. ರಿಯಾಕ್ಟರ್ ನಿಲ್ಲಿಸಿದ ಕ್ಷಣದಲ್ಲಿ ಇಂಧನದ ಶಾಖ ಪೂರ್ಣ ಸಾಮರ್ಥ್ಯದ ಶೇ 7ರ ಆಸುಪಾಸಿನಲ್ಲಿರುತ್ತದೆ. ಒಂದು ದಿನ ಕಳೆದರೆ ಶೇ 1ಕ್ಕಿಂತ ಕೆಳಗಿಳಿಯುತ್ತದೆ. ಆಮೇಲೆ ಇಳಿಯುವುದು ಬಹಳ ನಿಧಾನ. ಹೀಗಾಗಿ ಕಟ್ಟುಗಳನ್ನು ಸ್ಥಾವರದೊಳಗಿನ ಕೊಳದಲ್ಲಿ ವರ್ಷಗಟ್ಟಲೆ ಮುಳುಗಿಸಿಡುತ್ತಾರೆ. ಮೇಲಿನ ಹಲವು ಮೀಟರ್ ನೀರೇ ಅದಕ್ಕೆ ತಂಪು, ಅದೇ ಮರೆ.

ಕೊಳದಲ್ಲಿ ಕೆಡುವುದು ಸಾಮಾನ್ಯವಾಗಿ ನೀರು. ಕ್ಲೋರೈಡ್ ಏರಿದರೆ ಲೋಹದಲ್ಲಿ ತೂತು ಬೀಳುತ್ತದೆ, ನೀರು ಮಬ್ಬಾದರೆ ಕೆಳಗೆ ಏನು ನಡೆಯುತ್ತಿದೆ ಎಂದು ಕಾಣುವುದಿಲ್ಲ. ಅದಕ್ಕೇ ನೀರನ್ನು ಸದಾ ತಂಪುಗೊಳಿಸಿ, ರಾಳದ ಶೋಧಕಗಳಲ್ಲಿ ಹಾಯಿಸುತ್ತಿರಬೇಕು. ಆ ರಾಳವೂ ಮುಂದೆ ತ್ಯಾಜ್ಯವೇ. ತಂಪುಗೊಳಿಸುವುದು ತಪ್ಪಿದರೆ ಏನಾಗುತ್ತದೆ ಎಂಬುದನ್ನು 1957ರ ಸೆಪ್ಟೆಂಬರ್ 29ರಂದು ಸೋವಿಯತ್ ಒಕ್ಕೂಟದ ಮಾಯಾಕ್ ಅಣು ಕೇಂದ್ರ ತೋರಿಸಿಕೊಟ್ಟಿತು. ದ್ರವ ತ್ಯಾಜ್ಯದ ಟ್ಯಾಂಕೊಂದರ ತಂಪುವ್ಯವಸ್ಥೆ ಕೆಟ್ಟು, ನೀರು ಆರಿ, ಉಳಿದ ನೈಟ್ರೇಟ್ ಲವಣಗಳು ಸ್ಫೋಟಿಸಿದವು. ಅದು ಅಣುಸ್ಫೋಟವಲ್ಲ, ಬರೀ ರಾಸಾಯನಿಕ ಸ್ಫೋಟ. ಆದರೂ ಸಾವಿರಾರು ಜನ ಊರು ಬಿಡಬೇಕಾಯಿತು.

ಕೈಗಾದಲ್ಲಿ ಇಂಧನ ಮರುಸಂಸ್ಕರಣೆ, ಅಂದರೆ ಬಳಸಿದ ಇಂಧನದಿಂದ ಮತ್ತೆ ಉಪಯೋಗಕ್ಕೆ ಬರುವುದನ್ನು ಬೇರ್ಪಡಿಸುವ ಕೆಲಸ, ಇಲ್ಲ. ಅಂಥ ಘಟಕಗಳಿರುವುದು ಟ್ರಾಂಬೆ, ತಾರಾಪುರ ಮತ್ತು ಕಲ್ಪಾಕ್ಕಂನಲ್ಲಿ. ಸಂಸ್ಕರಣೆಗೆ ಹೋಗುವ ಇಂಧನ ಫ್ಲಾಸ್ಕಿನಲ್ಲೇ, ಅಂದರೆ ವಿಕಿರಣ ತಡೆಯುವ ದಪ್ಪ ಗೋಡೆಯ ಲೋಹದ ಪೆಟ್ಟಿಗೆಯಲ್ಲೇ, ಹೊರಡಬೇಕು. ದಿನ ಮತ್ತು ದಾರಿಯನ್ನು ಭದ್ರತೆಯ ಕಾರಣಕ್ಕೆ ಮುಚ್ಚಿಡುವುದನ್ನು ನಾವು ಒಪ್ಪುತ್ತೇವೆ. ಆದರೆ ಫ್ಲಾಸ್ಕಿನ ಪರೀಕ್ಷೆಯ ಫಲಿತಾಂಶವನ್ನು ಮುಚ್ಚಿಡಲು ಯಾವ ಕಾರಣವೂ ಇಲ್ಲ. ಅದನ್ನು ಕೇಳುವ ಹಕ್ಕು ನಿಮಗಿದೆ.

ಆ ಪರೀಕ್ಷೆಗಳು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ನಿಯಮದವು. ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿಯ ಸಂಹಿತೆಯೂ ಅದನ್ನೇ ಅನುಸರಿಸುತ್ತದೆ. ಬಳಸಿದ ಇಂಧನಕ್ಕೆ 'ಟೈಪ್ ಬಿ' ಫ್ಲಾಸ್ಕೇ ಬೇಕು. ಅದು 9 ಮೀಟರ್ ಎತ್ತರದಿಂದ ಕಿಂಚಿತ್ತೂ ಬಗ್ಗದ ನೆಲದ ಮೇಲೆ ಬೀಳಬೇಕು, 1 ಮೀಟರ್ ಎತ್ತರದಿಂದ 15 ಸೆಂಟಿಮೀಟರ್ ದಪ್ಪದ ಉಕ್ಕಿನ ಗೂಟದ ಮೇಲೆ ಬೀಳಬೇಕು, ಅದೇ ಫ್ಲಾಸ್ಕ್ 800 ಡಿಗ್ರಿ ಬೆಂಕಿಯಲ್ಲಿ 30 ನಿಮಿಷ ಇರಬೇಕು. ಇದೆಲ್ಲ ಆದಮೇಲೂ 1 ಮೀಟರ್ ದೂರದಲ್ಲಿ ವಿಕಿರಣ ಗಂಟೆಗೆ 10 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ) ಮೀರಬಾರದು. ವಿಕಿರಣ ಪ್ರಮಾಣ ಹೆಚ್ಚಿರುವ ಸರಕಿನ ಫ್ಲಾಸ್ಕ್ 200 ಮೀಟರ್ ಆಳದ ನೀರಿನ ಒತ್ತಡವನ್ನೂ ಒಂದು ಗಂಟೆ ತಾಳಬೇಕು. ಘಟ್ಟದಲ್ಲಿ ಪ್ರಪಾತ 9 ಮೀಟರಿಗಿಂತ ಆಳವಿದೆಯಲ್ಲ ಎಂದು ನೀವು ಕೇಳಬಹುದು. ಬಗ್ಗದ ನೆಲದ ಮೇಲೆ ಬಿದ್ದಾಗ ಪೆಟ್ಟೆಲ್ಲ ಫ್ಲಾಸ್ಕಿಗೇ. ನಿಜವಾದ ಅಪಘಾತದಲ್ಲಿ ಲಾರಿ ನಜ್ಜುಗುಜ್ಜಾಗಿ, ಮಣ್ಣು ಕುಸಿದು ಪೆಟ್ಟಿನ ಬಹುಪಾಲನ್ನು ಹೀರಿಕೊಳ್ಳುತ್ತದೆ. ಬ್ರಿಟನ್ನಿನಲ್ಲಿ 1984ರ ಜುಲೈ 17ರಂದು ಗಂಟೆಗೆ 160 ಕಿ.ಮೀ. ವೇಗದ ರೈಲನ್ನು ಫ್ಲಾಸ್ಕಿಗೆ ಗುದ್ದಿಸಿ ನೋಡಿದರು. ಎಂಜಿನ್ ಚೂರಾಯಿತು, ಫ್ಲಾಸ್ಕಿನೊಳಗಿನ ಒತ್ತಡ ತುಸುವೇ ಇಳಿಯಿತು.

ಬೀಳುವುದಕ್ಕಿಂತ ಬೆಂಕಿಯೇ ನಮಗೆ ಹೆಚ್ಚು ಯೋಚನೆಯ ವಿಷಯ. ಸೀಸ 327 ಡಿಗ್ರಿಗೇ ಕರಗುತ್ತದೆ. ಸೀಸದ ಮರೆಯಿರುವ ಫ್ಲಾಸ್ಕಿನಲ್ಲಿ ಅದು ಕರಗಿ ಮತ್ತೆ ಗಟ್ಟಿಯಾಗುವಾಗ ಕುಗ್ಗಿ ಒಂದು ಕಡೆ ಟೊಳ್ಳು ಉಳಿಯಬಹುದು. ಮುಚ್ಚಳದ ರಬ್ಬರ್ ಉಂಗುರ ಅದಕ್ಕೂ ಮೊದಲೇ ಸೋಲುತ್ತದೆ. ಪೆಟ್ರೋಲ್ ಟ್ಯಾಂಕರಿನ ಬೆಂಕಿ ಅರ್ಧ ಗಂಟೆಗೇ ಆರಬೇಕೆಂದಿಲ್ಲ. ಆದ್ದರಿಂದ ಇಂಥ ಸಾಗಣೆಯ ವೇಳೆ ಘಟ್ಟದಲ್ಲಿ ಟ್ಯಾಂಕರುಗಳನ್ನು ತಡೆದು ನಿಲ್ಲಿಸಲೇಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಫ್ಲಾಸ್ಕ್ ತುಂಬುವುದು ನೀರಿನೊಳಗೆ. ಮುಚ್ಚಳ ಹಾಕಿ ಮೇಲೆತ್ತಿ, ನೀರು ಬಸಿದು, ಹೊರಮೈ ತೊಳೆದು, ಬೋಲ್ಟ್‌ಗಳನ್ನು ಎದುರು-ಬದುರಾಗಿ ನಿಗದಿತ ಬಿಗಿತಕ್ಕೆ ತಿರುಗಿಸಿ, ಸೋರಿಕೆ ಪರೀಕ್ಷೆ ಮಾಡಬೇಕು. ಬಳಿಕ ಹೊರಮೈಯನ್ನು ಬಟ್ಟೆಯ ತುಂಡಿನಿಂದ ಒರೆಸಿ ಅಳೆಯುತ್ತಾರೆ. ಬೀಟಾ, ಗಾಮಾ ಕಿರಣ ಸೂಸುವ ಕೊಳೆಯ ಅಂಟು ಚದರ ಸೆಂಟಿಮೀಟರಿಗೆ 4 ಬೆಕರೆಲ್ (ಸೆಕೆಂಡಿಗೆ ನಾಲ್ಕು ಪರಮಾಣುಗಳ ವಿಘಟನೆ) ದಾಟಕೂಡದು. ಇಲ್ಲೊಂದು ಸೂಕ್ಷ್ಮವಿದೆ. ಕೊಳದ ನೀರಿನಲ್ಲಿರುವ ಸೀಸಿಯಂ ಎಂಬ ವಿಕಿರಣಶೀಲ ಧಾತು ಉಕ್ಕಿನ ರಂಧ್ರಗಳಲ್ಲಿ ಇಂಗಿ ಕೂತಿರುತ್ತದೆ. ಹೊರಡುವಾಗ ಶುದ್ಧವೆಂದು ತೋರಿದ ಮೈ ದಾರಿಯ ತೇವ, ಬಿಸಿಲಿಗೆ ಬೆವರಿದಂತೆ ಅದನ್ನು ಹೊರಬಿಡುತ್ತದೆ. ಮಿತಿ ಮೀರಿದ ಇಂಥ ಅಂಟು ಬಯಲಾದ ಮೇಲೆ 1998ರ ಮೇ ತಿಂಗಳಲ್ಲಿ ಜರ್ಮನಿ ಸಾಗಣೆಯನ್ನೇ ನಿಲ್ಲಿಸಿತು. ಮಲೆನಾಡಿನ ಮಳೆಗಾಲಕ್ಕೆ ಈ ಪಾಠ ನೇರವಾಗಿ ಅನ್ವಯಿಸುತ್ತದೆ. ಹೊರಡುವಾಗಿನಷ್ಟೇ ಕಟ್ಟುನಿಟ್ಟಾಗಿ ತಲುಪಿದಲ್ಲೂ ಅಳೆಯಬೇಕು.

ಕಡಿಮೆ ವಿಕಿರಣದ ಕೈಗವಸು, ಬಟ್ಟೆ, ಶೋಧಕಗಳು ಸ್ಥಾವರದ ಆವರಣದಲ್ಲೇ ಉಳಿಯುತ್ತವೆ. ತೀವ್ರತೆ ನೋಡಿಕೊಂಡು ಕಲ್ಲು ಕಟ್ಟಿದ ಕಂದಕಕ್ಕೋ, ಕಾಂಕ್ರೀಟ್ ಕಂದಕಕ್ಕೋ, ನೆಲದೊಳಗಿನ ಕೊಳವೆ ಗುಂಡಿಗೋ ಹಾಕುತ್ತಾರೆ. ಅವುಗಳ ಶತ್ರು ಮಳೆನೀರು. ಸುತ್ತಲಿನ ಕೊಳವೆಬಾವಿಗಳ ನೀರಿನ ಅಳತೆಯನ್ನು ಪ್ರತಿ ವರ್ಷ ಕೇಳಿ ಪಡೆಯಿರಿ.

ಕೋಲಾರದ ವಿಷಯ. 1980ರ ದಶಕದಲ್ಲಿ ಅಲ್ಲಿ ಸುಮಾರು 1,000 ಮೀಟರ್ ಆಳದಲ್ಲಿ ಬಂಡೆ ಶಾಖಕ್ಕೆ ಹೇಗೆ ವರ್ತಿಸುತ್ತದೆಂದು ವಿದ್ಯುತ್ ಹೀಟರುಗಳಿಂದ ಪ್ರಯೋಗ ನಡೆದದ್ದು ನಿಜ. 2012ರ ನವೆಂಬರಿನಲ್ಲಿ ತಮಿಳುನಾಡಿನ ಕೂಡಂಕುಳಂ ಅಣುಸ್ಥಾವರದ ಪ್ರಕರಣದ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಈ ಗಣಿಯ ಹೆಸರು ಬಂದದ್ದೂ, ಕೋಲಾರದಲ್ಲಿ ಪ್ರತಿಭಟನೆಯಾಗಿ ಸರ್ಕಾರ ಅಂಥ ಯೋಜನೆಯಿಲ್ಲ ಎಂದದ್ದೂ ನಿಜ. ಹಳೆಯ ಗಣಿ ಈ ಕೆಲಸಕ್ಕೆ ಒಗ್ಗದು. ನೂರು ವರ್ಷ ಅಗೆದ, ಬಂಡೆ ಸಿಡಿತಕ್ಕೆ ಹೆಸರಾದ, ನೀರು ತುಂಬಿದ ಸುರಂಗಗಳವು. ಜರ್ಮನಿ ಆಸೆ ಎಂಬಲ್ಲಿನ ಹಳೆಯ ಉಪ್ಪಿನ ಗಣಿಯಲ್ಲಿ 1967ರಿಂದ 1978ರವರೆಗೆ ಅಣುತ್ಯಾಜ್ಯದ ಸುಮಾರು 1,26,000 ಪೀಪಾಯಿ ಇಟ್ಟಿತು. ಈಗ ಅಲ್ಲಿ ದಿನಕ್ಕೆ ಸುಮಾರು 12 ಘನ ಮೀಟರ್ ನೀರು ಒಸರುತ್ತಿದೆ, ಎಲ್ಲವನ್ನೂ ಹೊರತೆಗೆಯಬೇಕೆಂದು ಕಾನೂನೇ ಆಗಿದೆ.

ಕೊನೆಗೆ ರಸ್ತೆ. ನಿಮ್ಮೂರಿನ ದಾರಿಯಲ್ಲಿ ಫ್ಲಾಸ್ಕಿಗಿಂತ ಹೆಚ್ಚು ಎದುರಾಗುವುದು ಕಾರ್ಖಾನೆ, ಆಸ್ಪತ್ರೆಗಳಿಗೆ ಹೋಗುವ ಸಣ್ಣ ವಿಕಿರಣ ಮೂಲಗಳು. 2023ರ ಜನವರಿಯಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಲಾರಿಯ ಅದುರಿಗೆ ಬೋಲ್ಟ್ ಸಡಿಲವಾಗಿ, 8 ಮಿಲಿಮೀಟರ್ ಉದ್ದದ ಸೀಸಿಯಂ ಗುಳಿಗೆ ದಾರಿಯಲ್ಲೇ ಬಿತ್ತು. 1,400 ಕಿ.ಮೀ. ಹೆದ್ದಾರಿಯ ಬದಿಯನ್ನು ಹುಡುಕಿ ಅದನ್ನು ಹೆಕ್ಕಬೇಕಾಯಿತು. 2010ರಲ್ಲಿ ದೆಹಲಿಯ ಮಾಯಾಪುರಿಯಲ್ಲಿ ಗುಜರಿಗೆ ಬಂದ ಹಳೆಯ ಉಪಕರಣ ಬಿಚ್ಚಿ ಕೋಬಾಲ್ಟ್-60 ಹೊರಬಂದು ಒಬ್ಬರು ತೀರಿಕೊಂಡರು.

ಹಳದಿ ಹಿನ್ನೆಲೆಯ ಮೂರೆಸಳಿನ ಗುರುತು, 7 ಎಂಬ ಅಂಕಿ ಇರುವ ವಾಹನ ಉರುಳಿದ್ದು ಕಂಡರೆ ಗಾಳಿ ಬೀಸಿ ಬರುವ ದಿಕ್ಕಿಗೆ ಸರಿಯಿರಿ. ಪೆಟ್ಟಿಗೆ ಒಡೆದಂತೆ ಕಂಡರೆ 30 ಮೀಟರ್, ಒಳಗಿನದು ಚೆಲ್ಲಿದ್ದರೆ 100, ಹೊಗೆ ಅಥವಾ ಬೆಂಕಿ ಇದ್ದರೆ 300 ಮೀಟರ್ ದೂರ ಬೇಕು. 112ಕ್ಕೆ ಕರೆ ಮಾಡಿ, ಗುರುತಿನ ಮೇಲಿರುವ ನಾಲ್ಕಂಕಿಯ ಸಂಖ್ಯೆ ದೂರದಿಂದಲೇ ಓದಲಾದರೆ ಅದನ್ನು ಹೇಳಿ. ಗಾಯಾಳುವಿನ ಜೀವಕ್ಕೆ ಅಪಾಯವಿದ್ದರೆ ವಿಕಿರಣದ ಅಳತೆಗೆ ಕಾಯದೆ ಎಳೆದು ತನ್ನಿ, ಹೊರಬಟ್ಟೆ ತೆಗೆದು ಚೀಲದಲ್ಲಿ ಕಟ್ಟಿಡಿ, ಕೈ ತೊಳೆಯುವವರೆಗೆ ಏನನ್ನೂ ತಿನ್ನಬೇಡಿ. ಊರಿನ ಗುಜರಿ ಅಂಗಡಿಯವರಿಗೂ ಒಂದು ಮಾತು ಹೇಳಿಡಿ: ಗಾತ್ರಕ್ಕೆ ಮೀರಿ ಭಾರವಿರುವ ಸೀಸದ ಪೆಟ್ಟಿಗೆ ಬಂದರೆ ಗ್ಯಾಸ್ ಕಟರ್ ಹಚ್ಚುವ ಮೊದಲು ಪೊಲೀಸರಿಗೆ ಫೋನ್ ಮಾಡಬೇಕು.

— ಸಂಪಾದಕ