ನೋಡಿದ ಸಿನಿಮಾ, ಆಡುವ ಮಾತು: ಓದುಗರ ಪ್ರಶ್ನೆಗಳಿಗೆ ಉತ್ತರ

ಇತ್ತೀಚೆಗೆ ಮನೆಯಲ್ಲೋ ಥಿಯೇಟರ್‌ನಲ್ಲೋ ನೋಡಿದ ಸಿನಿಮಾಗಳ ಬಗ್ಗೆ ಓದುಗರು ಅಭಿಪ್ರಾಯ ಬರೆದಿದ್ದಾರೆ, ಜೊತೆಗೆ ಪ್ರಶ್ನೆಗಳನ್ನೂ ಕೇಳಿದ್ದಾರೆ. ಎಲ್ಲವನ್ನೂ ಒಟ್ಟಿಗೆ ಓದಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಸಿನಿಮಾದ ತಲೆಗೆ ಕಟ್ಟುವ ಎಷ್ಟೋ ತಪ್ಪುಗಳು ಟಿವಿಯ ಸೆಟ್ಟಿಂಗ್‌ನಲ್ಲೋ ಸ್ಪೀಕರ್‌ನಲ್ಲೋ ಪ್ರೊಜೆಕ್ಟರ್‌ನಲ್ಲೋ ಇರುತ್ತವೆ. ಆದ್ದರಿಂದ ಮೊದಲು ಆ ಪ್ರಶ್ನೆಗಳು. ಕಥೆ, ನಟನೆ, ಸಂಕಲನದ ಮಾತು ಆಮೇಲೆ.

ಪ್ರಶ್ನೆ: ಥಿಯೇಟರ್‌ನಲ್ಲಿ ನೋಡಿ ತುಂಬಾ ಮೆಚ್ಚಿದ್ದ ಸಿನಿಮಾವನ್ನು ಮನೆಯ ಹೊಸ ಟಿವಿಯಲ್ಲಿ ಮತ್ತೆ ನೋಡಿದೆ. ಎಲ್ಲವೂ ಧಾರಾವಾಹಿಯ ಹಾಗೆ ಕಂಡಿತು, ನಟನೆಯೂ ಕೃತಕ ಅನ್ನಿಸಿತು. ನನ್ನ ಮೊದಲ ಅಭಿಪ್ರಾಯವೇ ತಪ್ಪಾಗಿತ್ತೇ?

ಉತ್ತರ: ಮೊದಲ ಅಭಿಪ್ರಾಯವನ್ನೇ ಸದ್ಯಕ್ಕೆ ಇಟ್ಟುಕೊಳ್ಳಿ, ಟಿವಿಯನ್ನು ಸರಿಮಾಡಿ. ಸಿನಿಮಾಗಳನ್ನು ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮ್‌ನಂತೆ ಚಿತ್ರೀಕರಿಸುತ್ತಾರೆ. ಟಿವಿಯ ಪರದೆ ಸೆಕೆಂಡಿಗೆ 60 ಅಥವಾ 120 ಸಲ ಬದಲಾಗುತ್ತದೆ. ಎರಡು ಫ್ರೇಮ್‌ಗಳ ನಡುವೆ ಏನಿರಬಹುದು ಎಂದು ಟಿವಿಯೇ ಲೆಕ್ಕ ಹಾಕಿ, ಕ್ಯಾಮೆರಾ ಎಂದೂ ತೆಗೆಯದ ಫ್ರೇಮ್‌ಗಳನ್ನು ಸೇರಿಸುತ್ತದೆ. ಕ್ರಿಕೆಟ್ ಪಂದ್ಯಕ್ಕೆ ಇದು ಸರಿಹೋಗಬಹುದು. ಸಿನಿಮಾದಲ್ಲಿ ಮಾತ್ರ ಚಲನೆಯ ಸಹಜ ಮಸುಕು ಹೋಗಿ ಎಲ್ಲವೂ ಜಾರಿದಂತೆ ಕಾಣುತ್ತದೆ. ವೇಗವಾಗಿ ಬೀಸಿದ ಕೈಯ ಸುತ್ತ ನೀರಿನಂತೆ ಅಲುಗುವ ಅಂಚು ಕೂಡ ಕಾಣಿಸುತ್ತದೆ. 2018ರಲ್ಲಿ ನಟ ಟಾಮ್ ಕ್ರೂಸ್ ಮತ್ತು ನಿರ್ದೇಶಕ ಕ್ರಿಸ್ಟೋಫರ್ ಮ್ಯಾಕ್ವಾರಿ ವಿಡಿಯೊ ಮಾಡಿ, ಸಿನಿಮಾ ನೋಡುವಾಗ ಇದನ್ನು ಆಫ್ ಮಾಡಿ ಎಂದು ಕೇಳಿಕೊಂಡಿದ್ದರು.

ಟಿವಿಯ ಪಿಕ್ಚರ್ ಸೆಟ್ಟಿಂಗ್‌ಗೆ ಹೋಗಿ. ಈ ಸೌಲಭ್ಯಕ್ಕೆ ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಆಟೋ ಮೋಷನ್ ಪ್ಲಸ್ ಅಥವಾ ಪಿಕ್ಚರ್ ಕ್ಲಾರಿಟಿ ಎಂಬ ಹೆಸರಿರುತ್ತದೆ. ಅದನ್ನು ಆಫ್ ಮಾಡಿ. ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದನ್ನೇ ಆರಿಸಿ. ಅದು ಈ ಸೌಲಭ್ಯವನ್ನು ತಾನೇ ಆಫ್ ಮಾಡಿ, ಬಣ್ಣವನ್ನೂ ಮೂಲಕ್ಕೆ ಹತ್ತಿರ ತರುತ್ತದೆ. ಮೊದಲ ಹತ್ತು ನಿಮಿಷ ಚಿತ್ರ ಹಳದಿಯಾಗಿ, ಮಂಕಾಗಿ ಕಂಡೀತು. ಅಷ್ಟು ದಿನ ನೀಲಿ ಹೆಚ್ಚಿದ್ದ ಬಿಳುಪಿಗೆ ಕಣ್ಣು ಒಗ್ಗಿರುವುದೇ ಅದಕ್ಕೆ ಕಾರಣ, ಬೇಗ ಹೊಂದಿಕೊಳ್ಳುತ್ತದೆ.

ಬಹಳ ಮಂದಿ ಎಡವುವ ಜಾಗ ಇನ್ನೊಂದಿದೆ. ಎಷ್ಟೋ ಟಿವಿಗಳಲ್ಲಿ ಸಾಮಾನ್ಯ ಚಿತ್ರಕ್ಕೆ, ಬೆಳಕು ಕತ್ತಲಿನ ಅಂತರವನ್ನು ಹೆಚ್ಚಾಗಿ ತೋರಿಸುವ ಎಚ್‌ಡಿಆರ್‌ಗೆ, ಅದರದೇ ಒಂದು ಬಗೆಯಾದ ಡಾಲ್ಬಿ ವಿಷನ್‌ಗೆ ಬೇರೆ ಬೇರೆ ಸೆಟ್ಟಿಂಗ್ ಉಳಿದುಕೊಂಡಿರುತ್ತದೆ. ಒಂದರಲ್ಲಿ ಆಫ್ ಮಾಡಿದರೆ ಇನ್ನೊಂದರಲ್ಲಿ ಹಾಗೇ ಇರುತ್ತದೆ. ಎಚ್‌ಡಿಆರ್ ಸಿನಿಮಾ ಓಡುತ್ತಿರುವಾಗಲೇ ಮೆನು ತೆರೆದು ಮತ್ತೊಮ್ಮೆ ನೋಡಿ.

ಪ್ರಶ್ನೆ: ಮನೆಯಲ್ಲಿ ಮಾತು ಕೇಳಿಸುವುದಿಲ್ಲ ಎಂದು ವಾಲ್ಯೂಮ್ ಏರಿಸಿದರೆ, ಫೈಟ್ ಬಂದಾಗ ಕಿವಿಗೆ ಹೊಡೆಯುತ್ತದೆ. ರಿಮೋಟ್ ಕೈಯಲ್ಲೇ ಇರಬೇಕು. ಈಗಿನವರಿಗೆ ಸೌಂಡ್ ಮಿಕ್ಸಿಂಗ್ ಬರುವುದಿಲ್ಲವೇ?

ಉತ್ತರ: ಕೆಲವು ಸಿನಿಮಾಗಳಲ್ಲಿ ಮಾತು ನಿಜಕ್ಕೂ ಹೂತುಹೋಗಿರುತ್ತದೆ. ಆದರೆ ಆ ತೀರ್ಮಾನಕ್ಕೆ ಬರುವ ಮೊದಲು ಮಾತು ಎಲ್ಲಿಂದ ಬರಬೇಕು ಎಂಬುದನ್ನು ನೋಡಿ. 5.1 ಧ್ವನಿಯಲ್ಲಿ, ಅಂದರೆ ಐದು ಸ್ಪೀಕರ್ ಮತ್ತು ಗಡಸು ಸದ್ದಿಗೆಂದೇ ಒಂದು ಸಬ್‌ವೂಫರ್ ಇರುವ ಜೋಡಣೆಯಲ್ಲಿ, ಸಂಭಾಷಣೆಯ ಬಹುಪಾಲು ಪರದೆಯ ನಡುವಿನ ಒಂದೇ ಸ್ಪೀಕರ್‌ನಿಂದ ಬರುತ್ತದೆ. ಥಿಯೇಟರ್‌ನಲ್ಲಿ ಆ ಸ್ಪೀಕರ್ ಪರದೆಯ ಹಿಂದೆಯೇ ಇರುತ್ತದೆ. ತೆಳ್ಳಗಿನ ಟಿವಿಯಲ್ಲಿ ನಡುವಿನ ಸ್ಪೀಕರ್ ಇಲ್ಲ. ಇರುವ ಎರಡು ಸಣ್ಣ ಸ್ಪೀಕರ್‌ಗಳು ಹೆಚ್ಚಾಗಿ ನೆಲದ ಕಡೆಗೋ ಗೋಡೆಯ ಕಡೆಗೋ ಮುಖ ಮಾಡಿರುತ್ತವೆ. ಮಾತು, ಸಂಗೀತ, ಸ್ಫೋಟ ಮೂರೂ ಆ ಎರಡರಲ್ಲೇ ತುರುಕಿಕೊಳ್ಳುತ್ತವೆ. ಥಿಯೇಟರ್‌ಗಾಗಿ ಮಿಕ್ಸ್ ಮಾಡುವ ಕೋಣೆಯಲ್ಲಿ ಪ್ರತಿ ಮುಖ್ಯ ಸ್ಪೀಕರ್‌ನ ಮಟ್ಟವನ್ನು 85 ಡೆಸಿಬಲ್‌ಗೆ ಹೊಂದಿಸಿ, ಅದರ ಮೇಲೆ ಇನ್ನೂ 20 ಡೆಸಿಬಲ್ ಏರಲು ಜಾಗ ಬಿಟ್ಟಿರುತ್ತಾರೆ. ಅಷ್ಟು ಏರಿಳಿತ ಮನೆಯ ಹಾಲ್‌ಗೆ ಹೆಚ್ಚಾಯಿತು.

ಮಾಡಬೇಕಾದ್ದು ಹೀಗೆ. ಸಿನಿಮಾ ಓಡುವಾಗ ಆ್ಯಪ್‌ನ ಆಡಿಯೊ ಪಟ್ಟಿ ತೆರೆಯಿರಿ. ಟಿವಿಯ ಸ್ಪೀಕರ್‌ನಲ್ಲೇ ಕೇಳುವುದಾದರೆ, 5.1 ಬದಲು ಸ್ಟೀರಿಯೊ ಟ್ರ್ಯಾಕ್ ಇದ್ದರೆ ಅದನ್ನು ಆರಿಸಿ. ನಂತರ ಟಿವಿಯಲ್ಲಿ ನೈಟ್ ಮೋಡ್ ಅಥವಾ ಆಟೋ ವಾಲ್ಯೂಮ್ ಹಾಕಿ. ಇದು ದೊಡ್ಡ ಸದ್ದನ್ನು ಇಳಿಸಿ ಸಣ್ಣದನ್ನು ಏರಿಸುತ್ತದೆ. ಸೌಂಡ್‌ಬಾರ್ ಕೊಳ್ಳುವವರು 2.1 ಬೇಡ, 3.1 ನೋಡಿ. ಆ ಮೂರನೆಯದೇ ಮಾತಿನ ಸ್ಪೀಕರ್, ಅದರ ಮಟ್ಟವನ್ನು ಪ್ರತ್ಯೇಕವಾಗಿ ಎರಡು ಮೂರು ಡೆಸಿಬಲ್ ಏರಿಸಲು ಸಾಧ್ಯವಿರಬೇಕು. ಹೋಮ್ ಥಿಯೇಟರ್ ಇದ್ದೂ ಮಾತು ಪೂರ್ತಿ ಮಾಯವಾಗಿದ್ದರೆ, ನಿಮ್ಮಲ್ಲಿ ಇಲ್ಲವೇ ಇಲ್ಲದ ಸೆಂಟರ್ ಸ್ಪೀಕರ್‌ಗೆ ಆ್ಯಂಪ್ಲಿಫೈಯರ್ ಮಾತು ಕಳಿಸುತ್ತಿರಬೇಕು ಅಥವಾ ಅದರ ತಂತಿ ಕಳಚಿರಬೇಕು. ಸೆಂಟರ್ ಸ್ಪೀಕರ್ ಇಲ್ಲ ಎಂದು ಸೆಟ್ಟಿಂಗ್‌ನಲ್ಲಿ ಹೇಳಿದರೆ ಮಾತು ಎಡಬಲಕ್ಕೆ ಹಂಚಿಕೊಂಡು ಬರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ, ಒಳ್ಳೆಯ ಹೆಡ್‌ಫೋನ್‌ನಲ್ಲೂ ಮಾತು ತಿಳಿಯದಿದ್ದರೆ ಧಾರಾಳವಾಗಿ ಮಿಕ್ಸಿಂಗನ್ನು ದೂರಿ.

ಪ್ರಶ್ನೆ: ಥಿಯೇಟರ್‌ನಲ್ಲಿ ನೋಡಿದ ಒಂದು ಸಿನಿಮಾದಲ್ಲಿ ರಾತ್ರಿಯ ದೃಶ್ಯಗಳಲ್ಲಿ ಏನೂ ಕಾಣಲಿಲ್ಲ. ಛಾಯಾಗ್ರಹಣ ಕಳಪೆ ಎಂದೆ. ಬೇರೆ ಥಿಯೇಟರ್‌ನಲ್ಲಿ ನೋಡಿದ ಗೆಳತಿ ಅದೇ ಛಾಯಾಗ್ರಹಣವನ್ನು ಹೊಗಳುತ್ತಾಳೆ. ಯಾರು ಸರಿ?

ಉತ್ತರ: ನೀವಿಬ್ಬರೂ ನೋಡಿದ ಚಿತ್ರವೇ ಬೇರೆ ಇದ್ದೀತು. ಡಿಜಿಟಲ್ ಪ್ರೊಜೆಕ್ಷನ್‌ನಲ್ಲಿ ಪರದೆಯ ಮೇಲಿನ ಬಿಳಿಯ ಹೊಳಪು 48 ನಿಟ್ಸ್, ಅಂದರೆ 14 ಫುಟ್-ಲ್ಯಾಂಬರ್ಟ್ ಇರಬೇಕು ಎಂಬ ಮಾನದಂಡವಿದೆ. ಲ್ಯಾಂಪ್ ಹಳೆಯದಾದಂತೆ ಇದು ಇಳಿಯುತ್ತದೆ. ಹಿಂದಿನ ಆಟ 3ಡಿ ಆಗಿದ್ದು, ಅದರ ಫಿಲ್ಟರ್ ಅಥವಾ ಲೆನ್ಸನ್ನು ತೆಗೆಯದೆ 2ಡಿ ಸಿನಿಮಾ ಹಾಕಿದರೆ ಬೆಳಕು ಇನ್ನೂ ಕುಸಿಯುತ್ತದೆ. ಮೊದಲು ಬಲಿಯಾಗುವುದು ರಾತ್ರಿಯ ದೃಶ್ಯಗಳೇ.

ಗುರುತಿಸುವ ದಾರಿ ಸುಲಭ. ಶೀರ್ಷಿಕೆಯ ಬಿಳಿ ಅಕ್ಷರ ಬಿಳಿಯಾಗಿ ಕಾಣದೆ ಬೂದು ಬಣ್ಣದಲ್ಲಿದೆಯೇ? ಮಟಮಟ ಮಧ್ಯಾಹ್ನದ ದೃಶ್ಯದಲ್ಲೂ ಮುಖಗಳು ಮೋಡ ಕವಿದಂತಿವೆಯೇ? ಎರಡಕ್ಕೂ ಹೌದಾದರೆ ತಪ್ಪು ಪ್ರೊಜೆಕ್ಟರ್‌ದು. ಹಗಲು ನಿಚ್ಚಳವಾಗಿದ್ದು ರಾತ್ರಿ ಮಾತ್ರ ಕಪ್ಪಾಗಿದ್ದರೆ ಛಾಯಾಗ್ರಾಹಕರನ್ನು ಪ್ರಶ್ನಿಸಬಹುದು. ಹಾಗಿದ್ದಾಗಲೂ ಒಂದನ್ನು ಕೇಳಿಕೊಳ್ಳಿ: ಪಾತ್ರಕ್ಕೂ ಏನೂ ಕಾಣದಿರುವ ದೃಶ್ಯವೇ ಅದು? ಬಾಗಿಲ ಹಿಂದೆ ಯಾರಿದ್ದಾರೆ ಎಂದು ನಮಗೆ ತಿಳಿಯಬಾರದು ಎಂಬುದೇ ಉದ್ದೇಶವಿದ್ದರೆ ಕತ್ತಲು ಕೆಲಸ ಮಾಡಿದೆ. ಎದುರುಬದುರು ನಿಂತು ಮಾತಾಡುವ ಇಬ್ಬರ ಕಣ್ಣೂ ಕಾಣದಿದ್ದರೆ ಕೆಲಸ ಕೆಟ್ಟಿದೆ.

ದೂರುವುದಿದ್ದರೆ ಸಿನಿಮಾ ಶುರುವಾದ ಮೊದಲ ಐದು ನಿಮಿಷದಲ್ಲೇ ಎದ್ದುಹೋಗಿ ಸಿಬ್ಬಂದಿಗೆ ಹೇಳಿ. "ಚೆನ್ನಾಗಿಲ್ಲ" ಅಂದರೆ ಯಾರೂ ಕದಲುವುದಿಲ್ಲ. "ಚಿತ್ರ ಮಂಕಾಗಿದೆ, 3ಡಿ ಫಿಲ್ಟರ್ ಹಾಗೇ ಉಳಿದಿದೆಯೇ ನೋಡಿ" ಅನ್ನಿ. ತಲೆ ಕತ್ತರಿಸಿದಂತಿದ್ದರೆ, ಸಬ್‌ಟೈಟಲ್ ಪರದೆಯಿಂದ ಆಚೆ ಹೋಗಿದ್ದರೆ "ಲೆನ್ಸ್ ಫಾರ್ಮ್ಯಾಟ್ ತಪ್ಪಿದೆ" ಎಂಬ ಮಾತು ಸಾಕು. ಇವೆಲ್ಲ ನಿಂತ ನಿಲುವಿನಲ್ಲೇ ಸರಿಮಾಡಬಹುದಾದವು. ಹಳೆಯ ಲ್ಯಾಂಪ್ ಮಾತ್ರ ಆ ಆಟದಲ್ಲಿ ಸರಿಹೋಗುವುದಿಲ್ಲ.

ಪ್ರಶ್ನೆ: ಟಿವಿಯಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ. ಜೂಮ್ ಮಾಡಿ ನೋಡಬಹುದೇ?

ಉತ್ತರ: ಬೇಡ. ಟಿವಿಯ ಆಕಾರ 16:9, ಅಂದರೆ 1.78:1. ಅಗಲದ ಸಿನಿಮಾ 2.39:1. ಪಟ್ಟಿ ಹೋಗುವ ತನಕ ಜೂಮ್ ಮಾಡಿದರೆ ಅಗಲದಲ್ಲಿ ನಾಲ್ಕರಲ್ಲೊಂದು ಭಾಗ ಕತ್ತರಿಸಿಹೋಗುತ್ತದೆ. ಮೂಲೆಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ಪಾತ್ರವೇ ಆ ಭಾಗದಲ್ಲಿ ಇದ್ದೀತು.

ಪ್ರಶ್ನೆ: "ಸಿನಿಮಾ ಲ್ಯಾಗ್, ಎಡಿಟಿಂಗ್ ಚೆನ್ನಾಗಿಲ್ಲ" ಎಂದು ಬರೆದರೆ, ತಪ್ಪು ಎಡಿಟಿಂಗ್‌ದಲ್ಲ ಚಿತ್ರಕಥೆಯದು ಎನ್ನುತ್ತಾರೆ. ಬರೀ ನೋಡುವವರಿಗೆ ಈ ವ್ಯತ್ಯಾಸ ತಿಳಿಯುವುದು ಹೇಗೆ?

ಉತ್ತರ: ಪೂರ್ತಿ ತಿಳಿಯಲಾಗದು, ಆದರೆ ಬಹಳಷ್ಟನ್ನು ಊಹಿಸಬಹುದು. ಒಂದು ದೃಶ್ಯ ತೆಗೆದುಕೊಳ್ಳೋಣ. ಕೆಲಸ ಕಳೆದುಕೊಂಡ ಮಗ ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬರುತ್ತಾನೆ. ಕೈಯಲ್ಲಿ ಕಚೇರಿಯ ಸಾಮಾನು ತುಂಬಿದ ರಟ್ಟಿನ ಪೆಟ್ಟಿಗೆ. ಬಾಗಿಲು ತೆರೆದ ತಾಯಿ ಪೆಟ್ಟಿಗೆ ನೋಡುತ್ತಾಳೆ, ಮಗನ ಮುಖ ನೋಡುತ್ತಾಳೆ, ಏನೂ ಕೇಳದೆ ಒಳಗೆ ಹೋಗಿ ಇನ್ನೊಂದು ತಟ್ಟೆ ಇಡುತ್ತಾಳೆ. ನಮಗೆ ಎಲ್ಲ ತಿಳಿಯಿತು.

ಮುಂದಿನ ದೃಶ್ಯದಲ್ಲಿ ಮಗ ತಂಗಿಗೆ ಕೆಲಸ ಹೋಯಿತು ಎನ್ನುತ್ತಾನೆ. ಅದರ ಮುಂದಿನದರಲ್ಲಿ ಗೆಳೆಯನಿಗೂ ಅದನ್ನೇ ಹೇಳುತ್ತಾನೆ. ನಮಗೆ ಗೊತ್ತಿರುವುದನ್ನೇ ಮತ್ತೆ ಎರಡು ಸಲ ಕೇಳುತ್ತಿದ್ದೇವೆ. ಇದು ಚಿತ್ರಕಥೆಯ ಲ್ಯಾಗ್. ಆ ಎರಡು ದೃಶ್ಯಗಳನ್ನು ಕಿತ್ತರೂ ಕಥೆಗೆ ಏನೂ ಆಗದಿದ್ದರೆ ಬರವಣಿಗೆಯಲ್ಲೇ ಹೆಚ್ಚಾಗಿದೆ ಎಂದರ್ಥ. ಬದಲಿಗೆ, ತಟ್ಟೆ ಇಟ್ಟಾದ ಮೇಲೂ ಶಾಟ್ ಮುಂದುವರಿಯುತ್ತದೆ, ತಾಯಿ ಅಡುಗೆಮನೆಗೆ ನಡೆಯುತ್ತಾಳೆ, ಮಗ ಚಪ್ಪಲಿ ಬಿಡುತ್ತಾನೆ, ಸಂಗೀತ ಏರುತ್ತದೆ. ದೃಶ್ಯ ಬೇಕಾದದ್ದೇ, ಮುಗಿಯಬೇಕಾದ ಕಡೆ ಮುಗಿಯಲಿಲ್ಲ. ಇದನ್ನು ಸಂಕಲನದ ಲ್ಯಾಗ್ ಅನ್ನಬಹುದು. ಮೂರನೆಯದೂ ಒಂದಿದೆ: ಕೆಲಸ ಹೋದರೆ ಈ ಮನೆಗೆ ಏನಾಗುತ್ತದೆ ಎಂಬುದನ್ನು ಮೊದಲೇ ನೆಲೆಗೊಳಿಸಿರದಿದ್ದರೆ, ಎಷ್ಟೇ ಚುರುಕಾಗಿ ಕತ್ತರಿಸಿದರೂ ದೃಶ್ಯ ನಿಧಾನ ಅನ್ನಿಸುತ್ತದೆ. ಹೆಚ್ಚಿನ ಸಿನಿಮಾಗಳು ಬೋರ್ ಹೊಡೆಸುವುದು ಇದರಿಂದಲೇ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಉದ್ದಕ್ಕೂ ಲ್ಯಾಗ್‌ಗೂ ನೇರ ಸಂಬಂಧವಿಲ್ಲ.

ನಟನೆಯ ಬಗ್ಗೆಯೂ ಇದೇ ಎಚ್ಚರ ಬೇಕು. ಸೋವಿಯತ್ ನಿರ್ದೇಶಕ ಲೆವ್ ಕುಲೆಶೋವ್ ನಟನೊಬ್ಬನ ಭಾವವಿಲ್ಲದ ಒಂದೇ ಮುಖವನ್ನು ಬೇರೆ ಬೇರೆ ಶಾಟ್‌ಗಳ ಪಕ್ಕ ಜೋಡಿಸಿ, ನೋಡುವವರು ಅದರಲ್ಲಿ ಹಸಿವು, ದುಃಖ ಎಂದು ಬೇರೆ ಬೇರೆ ಭಾವ ಕಾಣುತ್ತಾರೆ ಎಂದು ತೋರಿಸಿದ ಪ್ರಯೋಗ ಪ್ರಸಿದ್ಧ. ನಟನೆಯನ್ನು ಅಳೆಯಲು ಕತ್ತರಿಸದ ಉದ್ದನೆಯ ಶಾಟ್‌ಗಳನ್ನು ಹುಡುಕಿ. ತಾನು ಮಾತಾಡದಿರುವಾಗ, ಎದುರಿನವರ ಮಾತು ಕೇಳುವಾಗ ನಟ ಏನು ಮಾಡುತ್ತಿದ್ದಾನೆ ಎಂದು ಗಮನಿಸಿ.

ಇನ್ನು, ಮನೆಯಲ್ಲಿ ಮೂರು ಕಂತಿನಲ್ಲಿ, ನಡುನಡುವೆ ಫೋನ್ ನೋಡುತ್ತಾ ನೋಡಿದ ಸಿನಿಮಾದ ವೇಗದ ಬಗ್ಗೆ ತೀರ್ಪು ಕೊಡಬೇಡಿ. ಕಥೆ, ಸಂಭಾಷಣೆಯ ಬಗ್ಗೆ ಹೇಳಿ, ಲ್ಯಾಗ್ ಮಾತು ಬಿಡಿ.

ಪ್ರಶ್ನೆ: ಒಂದು ಕಡೆ 92 ಶೇಕಡಾ, ಇನ್ನೊಂದು ಕಡೆ 63 ಅಂಕ. ಯಾವುದನ್ನು ನಂಬಿ ಟಿಕೆಟ್ ಕೊಳ್ಳಲಿ?

ಉತ್ತರ: ಎರಡೂ ನಿಜವಿರಬಹುದು. ವಿಮರ್ಶೆಗಳನ್ನು ಒಟ್ಟುಗೂಡಿಸುವ ಜಾಲತಾಣ ರಾಟನ್ ಟೊಮ್ಯಾಟೋಸ್ ಪ್ರತಿ ವಿಮರ್ಶೆಯನ್ನು ಮೆಚ್ಚುಗೆ ಅಥವಾ ಟೀಕೆ ಎಂದು ಎರಡೇ ಗುಂಪು ಮಾಡಿ, ಮೆಚ್ಚಿದವರ ಶೇಕಡಾವಾರು ಕೊಡುತ್ತದೆ. ಎಲ್ಲ ವಿಮರ್ಶಕರೂ "ಪರವಾಗಿಲ್ಲ, ಒಮ್ಮೆ ನೋಡಬಹುದು" ಎಂದು ಹತ್ತಕ್ಕೆ ಆರು ಕೊಟ್ಟ ಸಿನಿಮಾಕ್ಕೂ ಅಲ್ಲಿ 100 ಬರಬಹುದು. ಅಂಥದ್ದೇ ಇನ್ನೊಂದು ತಾಣ ಮೆಟಾಕ್ರಿಟಿಕ್, ಕೆಲವು ವಿಮರ್ಶಕರಿಗೆ ಹೆಚ್ಚು ತೂಕ ಕೊಟ್ಟು ಅಂಕಗಳ ಸರಾಸರಿ ತೆಗೆಯುತ್ತದೆ, ಅದೇ ಸಿನಿಮಾಕ್ಕೆ ಅಲ್ಲಿ 60ರ ಹತ್ತಿರ ಬರುತ್ತದೆ. ಮೊದಲನೆಯದು ಎಷ್ಟು ಜನಕ್ಕೆ ಇಷ್ಟವಾಯಿತು ಎಂದು ಹೇಳುತ್ತದೆ, ಎರಡನೆಯದು ಎಷ್ಟರಮಟ್ಟಿಗೆ ಇಷ್ಟವಾಯಿತು ಎಂದು. ಸಂಖ್ಯೆಗಿಂತ ಇಬ್ಬರು ವಿಮರ್ಶಕರನ್ನು ಗುರುತು ಮಾಡಿಟ್ಟುಕೊಳ್ಳುವುದು ಮೇಲು. ಅವರ ರುಚಿ ನಿಮ್ಮದಕ್ಕೆ ಪೂರ್ತಿ ವಿರುದ್ಧವಾಗಿದ್ದರೂ ಸರಿ, ಸ್ಥಿರವಾಗಿದ್ದರೆ ಸಾಕು.

ಪ್ರಶ್ನೆ: ಡಬ್ಬಿಂಗ್ ಆವೃತ್ತಿ ನೋಡಿ ಅಭಿಪ್ರಾಯ ಬರೆಯಬಹುದೇ?

ಉತ್ತರ: ಧಾರಾಳವಾಗಿ ಬರೆಯಿರಿ, ಡಬ್ಬಿಂಗ್ ಎಂದು ತಿಳಿಸಿ. ದನಿಯ ನಟನೆ ಬೇರೆಯವರದ್ದಾದ್ದರಿಂದ ಮೂಲ ನಟರನ್ನು ಪೂರ್ತಿ ಅಳೆಯಲಾಗುವುದಿಲ್ಲ. ಸಬ್‌ಟೈಟಲ್‌ನಲ್ಲಿ ನೋಡಿದವರು ಸಂಭಾಷಣೆಯನ್ನು ತೆಗಳುವಾಗ ತಡೆಯಿರಿ. ಎರಡು ಸಾಲಿನಲ್ಲಿ, ಓದಿ ಮುಗಿಸುವಷ್ಟು ಹೊತ್ತಿನಲ್ಲಿ ಹಿಡಿಸಬೇಕಾಗಿ ಬರುವುದರಿಂದ ಗಾದೆ, ಶ್ಲೇಷೆ, ಆಡುನುಡಿಯ ಸೊಗಡು ಮೊದಲು ಉದುರಿಹೋಗುತ್ತವೆ.

ಪ್ರಶ್ನೆ: ಕಥೆ ಬಿಟ್ಟುಕೊಡದೆ ಅಭಿಪ್ರಾಯ ಬರೆಯುವುದು ಹೇಗೆ? "ಸೂಪರ್, ಮಿಸ್ ಮಾಡಬೇಡಿ" ಬಿಟ್ಟು ಬೇರೆ ಏನೂ ಹೊಳೆಯುವುದಿಲ್ಲ.

ಉತ್ತರ: 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಸಂಶೋಧಕರು ಸಣ್ಣಕಥೆಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಅಂತ್ಯ ಮೊದಲೇ ತಿಳಿದವರು ಕಥೆಯನ್ನು ಸ್ವಲ್ಪ ಹೆಚ್ಚೇ ಮೆಚ್ಚಿದ್ದರು. ಹಾಗೆಂದು ಇನ್ನೊಬ್ಬರ ಪರವಾಗಿ ನಾವು ನಿರ್ಧರಿಸುವುದು ಸರಿಯಲ್ಲ. ಮೊದಲ ಅರ್ಧ ಗಂಟೆಯಲ್ಲಿ ತಿಳಿಯುವುದನ್ನು ಮಾತ್ರ ಬರೆಯಿರಿ. "ಕೊನೆಯಲ್ಲಿ ದೊಡ್ಡ ತಿರುವಿದೆ" ಎಂಬ ಸಾಲನ್ನೂ ಬಿಡಿ. ಅದನ್ನು ಓದಿದವರು ಇಡೀ ಸಿನಿಮಾ ತಿರುವನ್ನೇ ಕಾಯುತ್ತಾ ಕೂರುತ್ತಾರೆ.

ಬರೆಯಲು ಏನೂ ಹೊಳೆಯದಿದ್ದರೆ, ಬೇರೆ ಯಾರ ಅಭಿಪ್ರಾಯವನ್ನೂ ಓದುವ ಮೊದಲು, ಸಿನಿಮಾ ನೋಡಿದ ದಿನವೇ ಮೂರು ಸಾಲು ಗೀಚಿ: ನೆನಪಿನಲ್ಲಿ ನಿಂತ ಒಂದು ದೃಶ್ಯ, ಗಮನ ಆಚೆ ಹೋದ ಒಂದು ಜಾಗ, ಅರ್ಥವಾಗದ ಒಂದು ಸಂಗತಿ. ತೀರ್ಪನ್ನು ಮರುದಿನ ಬರೆಯಿರಿ. ಎಲ್ಲಿ ನೋಡಿದಿರಿ, ಯಾವ ಭಾಷೆಯಲ್ಲಿ, ಒಂದೇ ಕೂತಿನಲ್ಲೋ ಕಂತಿನಲ್ಲೋ ಎಂದು ಒಂದು ಸಾಲು ಸೇರಿಸಿ. "ಅದ್ಭುತ ನಟನೆ" ಎಂದು ಬರೆದಲ್ಲೆಲ್ಲ ಅದನ್ನು ಅಳಿಸಿ, ನಟ ಏನು ಮಾಡಿದ ಎಂದು ಬರೆಯಿರಿ: "ಪತ್ರ ಓದಿ ಮಡಚುತ್ತಾಳೆ, ಮತ್ತೆ ಬಿಚ್ಚುತ್ತಾಳೆ, ಓದದೆ ಮಡಚುತ್ತಾಳೆ." ಇದರಲ್ಲಿ ಕಥೆ ಬಿಟ್ಟುಕೊಟ್ಟಿಲ್ಲ, ಆದರೂ ಆ ಸಿನಿಮಾ ತನಗೆ ಬೇಕೋ ಬೇಡವೋ ಎಂದು ಓದಿದವರಿಗೆ ತಿಳಿಯುತ್ತದೆ. ನೂರೈವತ್ತು ಪದ ಸಾಕು. ಇಷ್ಟವಾಗದ ಸಿನಿಮಾಕ್ಕೂ ಇದೇ ಕ್ರಮ: ಯಾವ ದೃಶ್ಯದಲ್ಲಿ ಕೈತಪ್ಪಿತು ಎಂದು ಹೇಳಿದರೆ, ಇಷ್ಟಪಟ್ಟವರು ನಿಮ್ಮೊಂದಿಗೆ ಆ ದೃಶ್ಯದ ಬಗ್ಗೆ ವಾದ ಮಾಡಬಹುದು.