ಪಲ್ಲವಿಗೆ ಜಾಗ ಬಿಡಿ, ಪೆಡಲ್ ಆಮೇಲೆ

ಐರ್ಲೆಂಡಿನ ರಾಕ್ ಬ್ಯಾಂಡ್ ಯೂಟೂ (U2) ಹುಡುಗರು 22ರ ವಯಸ್ಸಿನ ಆಸುಪಾಸಿನಲ್ಲಿ ಬೈಬಲಿನ ಕೀರ್ತನೆ ಇಟ್ಟುಕೊಂಡು '40' ಹಾಡು ಕಟ್ಟಿದ್ದು ಹೇಗೆ, ನಮ್ಮ ಕಾಲೇಜು ಬ್ಯಾಂಡ್ ಶರೀಫರ ಪದವನ್ನು ಹಾಗೆ ಮಾಡೋಕೆ ಭಕ್ತಿ ಬೇಕಾ, ಗಿಟಾರ್ ದನಿಯನ್ನು ಒರಟು ಮಾಡುವ ಯಾವ ಡಿಸ್ಟಾರ್ಷನ್ ಪೆಡಲ್ ಕೊಳ್ಳಬೇಕು ಅಂತ ಕೇಳಿದ್ದೀರಿ. ನಾವೂ ಇದನ್ನೇ ಮಾಡಲು ಹೋದವರು. ಹುಬ್ಬಳ್ಳಿ, ಎಂಜಿನಿಯರಿಂಗ್ ಮೂರನೇ ವರ್ಷ, ಗೆಳೆಯನ ಮನೆ ಮೇಲಿನ ತಗಡಿನ ಶೆಡ್ಡು. ರಘು ದೀಕ್ಷಿತ್ 2008ರ ಮೊದಲ ಆಲ್ಬಮ್‌ನಲ್ಲೇ ಶರೀಫರನ್ನು ಹಾಡಿದ್ದರಲ್ಲ, ಅದು ಕೊಟ್ಟ ಧೈರ್ಯ. ನಾವು ಆರಿಸಿಕೊಂಡದ್ದು 'ಸೋರುತಿಹುದು ಮನಿಯ ಮಾಳಿಗಿ'. ಮಳೆ ಬಂದರೆ ನಮ್ಮ ಶೆಡ್ಡೂ ಸೋರುತ್ತಿತ್ತು. ಅದನ್ನೇ ದೊಡ್ಡ ಶಕುನ ಅಂದುಕೊಂಡಿದ್ದೆವು.

ಗಿಟಾರ್ ನನ್ನದು. ಪದಕ್ಕಿಂತ ಮೊದಲು ರಿಫ್, ಅಂದರೆ ತಿರುತಿರುಗಿ ಬಾರಿಸುವ ಗಿಟಾರ್ ತುಣುಕು, ರೆಡಿಯಾಗಿತ್ತು. ದಪ್ಪ ತಂತಿಯನ್ನು ಖಾಲಿ ಬಿಟ್ಟು ಬಾರಿಸೋದು, ಹಾಗಾಗಿ ಶ್ರುತಿ ಇ (E). ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಮೂರು. ನಮ್ಮ ಹಾಡುಗಾರನದ್ದು ಕರಿ ಒಂದು, ಅದಕ್ಕಿಂತ ತಗ್ಗಿನದು. ಮೇಲಿನ ಸ್ವರಕ್ಕೆ ಬಂದಾಗಲೆಲ್ಲ ಅವನ ಕತ್ತಿನ ನರ ಉಬ್ಬುತ್ತಿತ್ತು. 'ರಾಕ್ ಅಂದ್ರೆ ಹಂಗೇ ಇರಬೇಕು ಬಿಡೋ' ಅಂದೆ.

ಶ್ರುತಿಯದ್ದು ಸಣ್ಣ ತಪ್ಪು. ದೊಡ್ಡದು ಬೇರೆ ಇದೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ತತ್ವಪದದಲ್ಲಿ ಪಲ್ಲವಿ ಒಂದು ಸಾಲು, ಹೆಚ್ಚೆಂದರೆ ಎರಡು. ಮುಮ್ಮೇಳದವರು ನುಡಿ ಹಾಡುತ್ತಾರೆ. ನುಡಿ ಮುಗಿದ ತಕ್ಷಣ ಹಿಮ್ಮೇಳದವರು ಪಲ್ಲವಿ ಎತ್ತಿಕೊಳ್ಳುತ್ತಾರೆ. ತಾಳ, ದಮ್ಮಡಿ ಜೋರಾಗೋದು ಅಲ್ಲೇ. ಮಾಳಿಗೆ ಸೋರುತ್ತಿದೆ, ಅಜ್ಞಾನದಿಂದ ಅಂತ ಮೊದಲ ಸಲ ಕೇಳಿದಾಗ ಅದು ಬರೀ ಮನೆ. ಒಂದೊಂದು ನುಡಿ ಆಗುತ್ತಾ ಅದೇ ಸಾಲು ತಿರುಗಿ ಬಂದಾಗ ಆ ಮನೆ ನಮ್ಮ ಮೈಯಾಗುತ್ತದೆ, ಬದುಕಾಗುತ್ತದೆ. ಸಾಲು ಬದಲಾಗಲ್ಲ, ಕೇಳುವವನು ಬದಲಾಗುತ್ತಾನೆ. ಹೀಗೆ ಪಲ್ಲವಿ ತಿರುಗಿ ಬರುವ ಜಾಗ ಇದೆಯಲ್ಲ, ಅಲ್ಲೆಲ್ಲ ನಾವು ಏನೇನೋ ತುಂಬಿದೆವು. ಮೊದಲನೇ ನುಡಿ ಆದ ಮೇಲೆ ನನ್ನ ಸೋಲೋ. ಎರಡನೇದರ ಮೇಲೆ ಡ್ರಮ್ಸ್. ಮೂರನೇದರ ಮೇಲೆ ಎಲ್ಲರೂ ನಿಲ್ಲಿಸಿ, ಸುಮ್ಮನಿದ್ದು, ಮತ್ತೆ ಧಡ್ ಅಂತ ಶುರು. ಪಲ್ಲವಿ ಬಂದದ್ದು ಆರಂಭದಲ್ಲಿ ಒಮ್ಮೆ, ಕೊನೆಯಲ್ಲಿ ಕಿರುಚಿಕೊಂಡು ಒಮ್ಮೆ. ಊಟಕ್ಕೆ ಕರೆದು ಬಾಗಿಲು ಹಾಕಿಕೊಂಡ ಹಾಗಾಯ್ತು.

ಕಾಲೇಜು ಫೆಸ್ಟಿನಲ್ಲಿ ಶಿಳ್ಳೆ ಬಿತ್ತು. ಅದನ್ನು ನಂಬಿ ಕುಂದಗೋಳದ ಕಡೆಯ ಒಂದು ಹಳ್ಳಿ ಜಾತ್ರೆಗೆ ಹೋದೆವು. ಮುಂದೆ ಚಾಪೆ ಮೇಲೆ ಊರಿನ ಭಜನಾ ಮೇಳದವರು ಕೂತಿದ್ದರು. ಪದ ಶುರುವಾಗಿದ್ದೇ ಒಬ್ಬ ಅಜ್ಜ ಚೀಲದಿಂದ ತಾಳ ತೆಗೆದರು. ನುಡಿ ಮುಗಿಯಿತು, ಅವರ ಕೈ ಎದ್ದಿತು, ಬಾಯಿ ತೆರೆಯಿತು, ನನ್ನ ಸೋಲೋ ಬಂತು. ಕೈ ಹಾಗೇ ಸ್ವಲ್ಪ ಹೊತ್ತು ಮೇಲೇ ಇತ್ತು. ಮುಂದಿನ ನುಡಿಗೂ ಅದೇ ಕತೆ. ಆಮೇಲೆ ತಾಳ ಚೀಲ ಸೇರಿತು. ಕಾರ್ಯಕ್ರಮ ಮುಗಿದ ಮೇಲೆ ಬಂದು 'ಪಲ್ಲವಿ ಎಲ್ಲಿ ಇಟ್ಟೀರಪಾ?' ಅಂದರು. ಸಿಟ್ಟಿರಲಿಲ್ಲ, ನಿಜವಾಗಿಯೂ ಹುಡುಕುತ್ತಿದ್ದರು. ವಾಪಸ್ ಬರುವಾಗ ಟೆಂಪೋದಲ್ಲಿ ಹಾಡುಗಾರ ಮಾತಾಡಲಿಲ್ಲ. ಮರುವಾರದಿಂದ ಪ್ರಾಕ್ಟೀಸಿಗೆ ಬರಲಿಲ್ಲ. ಪಲ್ಲವಿ ಬೇಕು ಅಂತ ಮೊದಲಿಂದ ಹೇಳುತ್ತಿದ್ದವನು ಅವನೊಬ್ಬನೇ. ಬ್ಯಾಂಡ್ ಅಲ್ಲಿಗೆ ಮುಗಿಯಿತು.

ಈಗ ನಿಮ್ಮ '40'. ಡಬ್ಲಿನ್‌ನ ವಿಂಡ್‌ಮಿಲ್ ಲೇನ್ ಸ್ಟುಡಿಯೋದಲ್ಲಿ 'ವಾರ್' ಆಲ್ಬಮ್ ಮುಗಿಸುವ ಹೊತ್ತು. ಸ್ಟುಡಿಯೋ ಖಾಲಿ ಮಾಡಬೇಕು, ಇನ್ನೊಂದು ಹಾಡು ಬೇಕು. ಬೇಸ್ ಬಾರಿಸುವ ಆಡಮ್ ಕ್ಲೇಟನ್ ಆಗಲೇ ಹೊರಟುಹೋಗಿದ್ದ. ಬದಿಗಿಟ್ಟಿದ್ದ ಒಂದು ಟ್ಯೂನ್ ಎತ್ತಿಕೊಂಡು, ಹೊಂದದ ಭಾಗ ಕತ್ತರಿಸಿ, ಗಿಟಾರಿಸ್ಟ್ ಎಡ್ಜ್ ತಾನೇ ಬೇಸ್ ಬಾರಿಸಿದ. ಹಾಡುಗಾರ ಬೋನೋ 40ನೇ ಕೀರ್ತನೆ ತೆರೆದು ಹಾಡಿದ: ತಾಳ್ಮೆಯಿಂದ ಕಾದೆ, ಕೆಸರಿನ ಗುಂಡಿಯಿಂದ ನನ್ನನ್ನು ಎತ್ತಿದ ಅನ್ನುವ ಕೀರ್ತನೆ. 'ಎಷ್ಟು ಕಾಲ' ಅಂತ ಮತ್ತೆ ಮತ್ತೆ ಬರುವ ಪಲ್ಲವಿಯ ಮಾತು 6ನೇ ಕೀರ್ತನೆಯದ್ದು. ಅದಕ್ಕೂ ಮೊದಲಿನ 'ಗ್ಲೋರಿಯಾ' ಹಾಡು ಇನ್ನೂ ಕಷ್ಟದ್ದು. 1981ರಲ್ಲಿ ಬೋನೋ ಸಾಹಿತ್ಯ ಬರೆದಿಟ್ಟಿದ್ದ ಬ್ಯಾಗ್ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಕಳೆದುಹೋಯಿತು. ಆ ಹಾಡಿರುವ 'ಅಕ್ಟೋಬರ್' ಆಲ್ಬಮ್‌ಗೆ ಎಷ್ಟೋ ಸಾಲುಗಳನ್ನು ಮೈಕಿನ ಮುಂದೆಯೇ ಹುಟ್ಟಿಸಬೇಕಾಯ್ತು.

ಸ್ಫೂರ್ತಿ ಬರಲಿ ಅಂತ ಕಾಯೋದು, ಎಲ್ಲರಿಗೂ ಭಕ್ತಿ ಇರಬೇಕು ಅನ್ನೋದು, ಇದೆಲ್ಲ ಸುಮ್ನೆ. ಯೂಟೂದ ನಾಲ್ವರಲ್ಲಿ ಮೂವರು ಶಾಲೋಮ್ ಅನ್ನುವ ಪ್ರಾರ್ಥನಾ ಗುಂಪಿನಲ್ಲಿದ್ದರು, ಆಡಮ್ ಇರಲಿಲ್ಲ. ಹಾಡೇನೂ ನಿಲ್ಲಲಿಲ್ಲ ಅಲ್ವಾ? ನಿಮ್ಮ ಡ್ರಮ್ಮರ್ ನಾಸ್ತಿಕನಾದರೂ ಪರವಾಗಿಲ್ಲ, ತಾಳ ತಪ್ಪದಿದ್ದರೆ ಸಾಕು.

ನನಗೆ ಹೊಟ್ಟೆ ಉರಿಯೋದು ಆ '40' ಹಾಡನ್ನು ವೇದಿಕೆ ಮೇಲೆ ಮುಗಿಸುತ್ತಿದ್ದ ರೀತಿ ನೋಡಿದಾಗ. 1983ರ ಜೂನ್ 5ರಂದು ಕೊಲೊರಾಡೋದ ರೆಡ್ ರಾಕ್ಸ್‌ನಲ್ಲಿ ಅದೇ ಕೊನೇ ಹಾಡು. ಆಡಮ್ ಗಿಟಾರ್ ಹಿಡಿಯುತ್ತಾನೆ, ಎಡ್ಜ್ ಬೇಸ್. ಒಬ್ಬೊಬ್ಬರಾಗಿ ವೇದಿಕೆ ಇಳಿಯುತ್ತಾರೆ, ಡ್ರಮ್ಮರ್ ಲ್ಯಾರಿ ಕೊನೆಗೆ. ಜನ ಮಾತ್ರ ಪಲ್ಲವಿ ಬಿಡಲ್ಲ. ನಮ್ಮ ಹಿಮ್ಮೇಳ ಮಾಡುವ ಕೆಲಸವೇ ಅದು. ನಾವು ಅದನ್ನು ಕಿತ್ತು ಹಾಕಿ ರಾಕ್ ಅಂದುಕೊಂಡೆವು!

ಹಾಗಾಗಿ ಗಿಟಾರನ್ನು ಮೂಲೆಗಿಟ್ಟು, ಬರೀ ತಾಳ ಹಾಕಿಕೊಂಡು ಪದ ಪೂರ್ತಿ ಹಾಡಿ. ಶ್ರುತಿ ಹಾಡುವವನದ್ದೇ ಆಗಲಿ. ಬೇಕಿದ್ದರೆ ತಂತಿ ಸಡಿಲಿಸಿ ಅಲ್ಲಿಗೆ ಇಳಿಯಿರಿ. ರಿಫ್ ಆಮೇಲೆ ತಾನೇ ಸಿಗುತ್ತದೆ. ಸೋಲೋ ಬೇಕೇ ಬೇಕು ಅಂದರೆ ನುಡಿಯ ಮೊದಲು ಹಾಕಿ, ಪಲ್ಲವಿ ಮುಟ್ಟಬೇಡಿ. ಪೆಡಲ್ ಈಗ ಬೇಡ. ಆ ದುಡ್ಡಿಗೆ ಎರಡು ಮೈಕು, ಎರಡು ಸ್ಟ್ಯಾಂಡ್ ತಗೊಳ್ಳಿ, ಹಿಮ್ಮೇಳದವರಿಗೆ.